ಗಿಳಿಗಳ ಮೇಲಿನ ಸಂಶೋಧನೆ ಓದೋದು ಹೇಗೆ? ಮೊದಲು ‘ಯಾವ ಗಿಳಿ’ ಅಂತ ಕೇಳಿ

ಗಿಳಿ ನೂರು ವರ್ಷ ಬದುಕುತ್ತದೆ ಅಂತ ಎಲ್ಲೋ ಕೇಳಿರುತ್ತೀರಿ. ಯಾವ ಗಿಳಿ? ಇದಕ್ಕೆ ಉತ್ತರ ಸಿಗದಿದ್ದರೆ ಆ ಮಾತನ್ನು ಅಲ್ಲೇ ಬಿಟ್ಟುಬಿಡಿ. ಜಗತ್ತಿನಲ್ಲಿ ಸುಮಾರು 400 ಪ್ರಭೇದದ ಗಿಳಿಗಳಿವೆ. ಹತ್ತು-ಹನ್ನೆರಡು ಗ್ರಾಂ ತೂಗುವ ಪಿಗ್ಮಿ ಗಿಳಿಯೂ ಗಿಳಿಯೇ, ಎರಡು ಕಿಲೋ ದಾಟುವ, ಹಾರಲು ಬಾರದ ಕಾಕಪೋ ಕೂಡ ಗಿಳಿಯೇ. ಮೃಗಾಲಯಗಳ ದಾಖಲೆಯಿಂದ 1,30,000ಕ್ಕೂ ಹೆಚ್ಚು ಹಕ್ಕಿಗಳ ಲೆಕ್ಕ ತೆಗೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪುಟ್ಟ ಅಂಜೂರದ ಗಿಳಿಯ ಸರಾಸರಿ ಆಯಸ್ಸು ಸುಮಾರು 2 ವರ್ಷ, ಉದ್ದ ಬಾಲದ ದೊಡ್ಡ ಗಿಳಿಯಾದ ಕೆಂಪು ಮಕಾವ್‌ದು ಸುಮಾರು 30 ವರ್ಷ. ಒಂದೇ ಬಳಗದೊಳಗೆ ಇಷ್ಟು ಅಂತರ! ಸರಾಸರಿ ಬೇರೆ, ದಾಖಲೆ ಮುರಿದ ಒಂದು ಹಕ್ಕಿಯ ವಯಸ್ಸು ಬೇರೆ. ಸುದ್ದಿಯಲ್ಲಿ ಬರೋದು ಸಾಮಾನ್ಯವಾಗಿ ಎರಡನೆಯದು.

ಹಾಗಾಗಿ ಸುದ್ದಿ ಓದಿದ ಮೇಲೆ ಮೂಲ ಲೇಖನ ಹುಡುಕಿ. ಸುದ್ದಿಯಲ್ಲಿ ಹಕ್ಕಿಯ ವೈಜ್ಞಾನಿಕ ಹೆಸರಿದ್ದರೆ ಅದನ್ನೇ ಸಂಶೋಧನಾ ಲೇಖನ ಹುಡುಕಿಕೊಡುವ ಗೂಗಲ್ ಸ್ಕಾಲರ್‌ ತಾಣಕ್ಕೆ ಹಾಕಿ, ಜೊತೆಗೆ ವಿಷಯದ ಒಂದು ಪದ ಸೇರಿಸಿ. ಊರಿಗೊಂದರಂತೆ ಹೆಸರಿರುವ ಹಕ್ಕಿಗಳಲ್ಲಿ ವೈಜ್ಞಾನಿಕ ಹೆಸರೊಂದೇ ನಂಬಿಕೆಗೆ ಅರ್ಹ, ಅದೂ ಆಗಾಗ ಬದಲಾಗುತ್ತದೆ. ಹಿಂದೆ ಆಫ್ರಿಕನ್ ಗ್ರೇ ಗಿಳಿಯ ಉಪಜಾತಿ ಅಂತಿದ್ದ ಟಿಮ್ನೆ ಈಗ ಬೇರೆಯೇ ಪ್ರಭೇದ, ಹಾಗಾಗಿ ಹಳೆಯ ಲೇಖನಗಳಲ್ಲಿ ಎರಡೂ ಬೆರೆತಿರಬಹುದು. ಪೂರ್ತಿ ಲೇಖನಕ್ಕೆ ದುಡ್ಡು ಕೇಳಿದರೆ ಬರೆದವರಿಗೆ ಒಂದು ಇಮೇಲ್ ಹಾಕಿ ನೋಡಿ, ಎಷ್ಟೋ ಜನ ಖುಷಿಯಿಂದ ಕಳಿಸುತ್ತಾರೆ.

ಲೇಖನ ಸಿಕ್ಕಿತಾ? ಸಾರಾಂಶ ಓದಿ ಮುಚ್ಚಿಡಬೇಡಿ. ನಾನೂ ಶುರುವಿನಲ್ಲಿ ಹಾಗೇ ಮಾಡುತ್ತಿದ್ದೆ, ಆಮೇಲೆ ಅರ್ಧಕ್ಕರ್ಧ ತಪ್ಪು ತಿಳಿದುಕೊಂಡಿದ್ದೆ ಅಂತ ಗೊತ್ತಾಯಿತು. ನೇರವಾಗಿ ‘ವಿಧಾನ’ ಅನ್ನುವ ಭಾಗಕ್ಕೆ ಹೋಗಿ. ಎಷ್ಟು ಹಕ್ಕಿ, ಪಂಜರದವೋ ಕಾಡಿನವೋ, ಎಷ್ಟು ದಿನ ನೋಡಿದರು, ಹೋಲಿಸಲು ಇನ್ನೊಂದು ಗುಂಪು ಇತ್ತಾ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಆಮೇಲೆ ಫಲಿತಾಂಶಕ್ಕೆ ಬನ್ನಿ.

ಹಕ್ಕಿ ಕಡಿಮೆ ಅಂದ ಮಾತ್ರಕ್ಕೆ ಅಧ್ಯಯನ ಕೆಟ್ಟದ್ದು ಅಂತಲ್ಲ. ಸಂಶೋಧಕಿ ಐರೀನ್ ಪೆಪ್ಪರ್‌ಬರ್ಗ್ 1977ರಲ್ಲಿ ತಂದು ಕಲಿಸಲು ಶುರು ಮಾಡಿದ ಅಲೆಕ್ಸ್ ಅನ್ನುವ ಆಫ್ರಿಕನ್ ಗ್ರೇ ಗಿಳಿ ಬಣ್ಣ, ಆಕಾರ, ಸಂಖ್ಯೆ ಗುರುತಿಸಿ ಹೆಸರು ಹೇಳುತ್ತಿತ್ತು. 2007ರಲ್ಲಿ ಅದು ಸತ್ತಿತು. ಗಿಳಿಯ ಮಿದುಳಿಗೆ ಇದು ಸಾಧ್ಯ ಅಂತ ತೋರಿಸಲು ಒಂದು ಹಕ್ಕಿ ಸಾಕು. ಆದರೆ ‘ಎಲ್ಲ ಗಿಳಿಗಳೂ ಹೀಗೆ ಮಾಡುತ್ತವೆ’ ಅನ್ನಲು ಸಾಲದು. ಅಲೆಕ್ಸ್ ವಿಷಯದಲ್ಲಿ ಜಗಳ ಆಡುವವರು ಜಾಸ್ತಿ ಈ ಎರಡನ್ನೇ ಗೊಂದಲ ಮಾಡಿಕೊಳ್ಳುತ್ತಾರೆ.

ಇನ್ನು ಕಾರಣದ ಮಾತು. ವೆನೆಜುವೆಲಾದಲ್ಲಿ ಹಸಿರು ಸೊಂಟದ ಪುಟ್ಟ ಗಿಳಿಗಳ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಕೆಲಸ ನೋಡಿ, ನನಗೆ ತುಂಬಾ ಇಷ್ಟ. ಈ ಹಕ್ಕಿಗಳಲ್ಲಿ ಒಂದೊಂದಕ್ಕೂ ತನ್ನದೇ ಗುರುತಿನ ಕೂಗು ಇದೆ, ನಮ್ಮ ಹೆಸರಿದ್ದ ಹಾಗೆ. ಅದು ಹುಟ್ಟಿನಿಂದ ಬರುತ್ತದೋ, ಸಾಕಿದವರಿಂದ ಬರುತ್ತದೋ? ಸಂಶೋಧಕರು ಕೆಲವು ಗೂಡುಗಳ ಮೊಟ್ಟೆಗಳನ್ನು ಅದಲುಬದಲು ಮಾಡಿದರು. ಮರಿಗಳ ಕೂಗು ಸಾಕಿದ ತಂದೆತಾಯಿಯ ಕೂಗಿಗೆ ಹತ್ತಿರವಿತ್ತು. ಸುಮ್ನೆ ದೂರದಿಂದ ನೋಡಿ ಬರೆದಿದ್ದರೆ ಇದು ಗೊತ್ತಾಗುತ್ತಿರಲಿಲ್ಲ ಅಲ್ವಾ? ಹೀಗೆ ಏನನ್ನಾದರೂ ಬದಲಿಸಿ ನೋಡಿದ್ದಾರಾ ಅಂತ ಹುಡುಕಿ.

ಬದಲಿಸಿ ನೋಡಿದ ಮೇಲೂ ಉತ್ತರ ಒಂದೇ ಇರಬೇಕಿಲ್ಲ. ಪೆರುವಿನ ನದಿದಂಡೆಗಳಲ್ಲಿ ಮಕಾವ್‌ಗಳು ಗುಂಪುಗುಂಪಾಗಿ ಬಂದು ಜೇಡಿಮಣ್ಣು ತಿನ್ನುತ್ತವೆ. ಕಾಯಿಬೀಜಗಳಲ್ಲಿನ ವಿಷವನ್ನು ಮಣ್ಣು ಹಿಡಿದಿಡುತ್ತದೆ ಅಂತ ಒಂದು ವಾದ, ಅದಕ್ಕೆ ಪ್ರಯೋಗದ ಆಧಾರವೂ ಇದೆ. ಸಮುದ್ರದಿಂದ ದೂರದ ಆ ಕಾಡಿನಲ್ಲಿ ಸೋಡಿಯಂ ಸಿಗೋದೇ ಕಷ್ಟ, ಹಕ್ಕಿಗಳು ಆರಿಸುವ ಮಣ್ಣಿನಲ್ಲಿ ಅದು ಜಾಸ್ತಿ ಇದೆ ಅಂತ ಇನ್ನೊಂದು. ಎರಡನೆಯದಕ್ಕೆ ಈಗ ಒಲವು ಹೆಚ್ಚು. ಎರಡೂ ಒಟ್ಟಿಗೆ ನಿಜ ಇರಬಹುದು ಅಂತ ನನಗನಿಸುತ್ತದೆ.

ಆರೋಗ್ಯದ ಲೇಖನ ಓದುವಾಗ ಸ್ವಲ್ಪ ಹೆದರಿಕೆ ಇರಲಿ. ಬೋರ್ನಾವೈರಸ್ ಅನ್ನು ಗಿಳಿಗಳಲ್ಲಿ ಗುರುತಿಸಿದ್ದು 2008ರಲ್ಲಿ. ಹೊಟ್ಟೆಯ ನರ ಹಾಳಾಗಿ ಹಕ್ಕಿ ತಿಂದರೂ ಸೊರಗುವ ರೋಗಕ್ಕೆ ಅದೇ ಕಾರಣ ಅಂತ ಆಮೇಲೆ ತಿಳಿಯಿತು. ಆದರೆ ವೈರಸ್ ಇದ್ದೂ ಆರಾಮಾಗಿರುವ ಹಕ್ಕಿಗಳು ಬೇಕಾದಷ್ಟಿವೆ. ಹಾಗಾಗಿ ‘ಪಾಸಿಟಿವ್’ ಮತ್ತು ‘ರೋಗ’ ಎರಡನ್ನೂ ಬೇರೆ ಬೇರೆ ಅಂಕಣದಲ್ಲಿ ಕೊಟ್ಟಿದ್ದಾರಾ ನೋಡಿ. ಔಷಧದ ಪ್ರಮಾಣವನ್ನು ಮಾತ್ರ ಲೇಖನದಿಂದ ಎತ್ತಿಕೊಂಡು ಮನೆಯ ಹಕ್ಕಿಗೆ ಕೊಡಬೇಡಿ. ಒಂದು ಪ್ರಭೇದದಲ್ಲಿ ಅಳೆದ ಪ್ರಮಾಣ ಇನ್ನೊಂದಕ್ಕೆ ಕಡಿಮೆಯೋ ವಿಷವೋ ಆಗಬಹುದು. ಅದು ಹಕ್ಕಿ ವೈದ್ಯರ ಕೆಲಸ. ನಿಮ್ಮ ಕೈಯಲ್ಲಿ ಆಗೋದು ಒಂದಿದೆ: ದಿನಾ ಬೆಳಿಗ್ಗೆ ತಿನ್ನುವ ಮೊದಲು ಗ್ರಾಂ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಗಿಳಿಗಳು ಕಾಯಿಲೆಯನ್ನು ಮುಚ್ಚಿಡುತ್ತವೆ, ತೂಕ ಮುಚ್ಚಿಡಲು ಬರೋದಿಲ್ಲ. ಆ ಪುಸ್ತಕ ವೈದ್ಯರಿಗೆ ಯಾವ ಲೇಖನಕ್ಕಿಂತಲೂ ಹೆಚ್ಚು ಉಪಯೋಗ.

ಸಂರಕ್ಷಣೆಯ ವರದಿಗಳಲ್ಲಿ ‘ಏನನ್ನು ಎಣಿಸಿದರು’ ಅನ್ನೋದು ಮುಖ್ಯ. ಬಿಟ್ಟ ಹಕ್ಕಿಯನ್ನೋ, ಬದುಕಿದ ಹಕ್ಕಿಯನ್ನೋ, ಕಾಡಿನಲ್ಲೇ ಮರಿ ಮಾಡಿದ ಜೋಡಿಯನ್ನೋ? 2022ರ ಜೂನ್‌ನಲ್ಲಿ ಬ್ರೆಜಿಲ್‌ನಲ್ಲಿ ಕಾಡಿನಲ್ಲಿ ಇಲ್ಲವಾಗಿದ್ದ ಸ್ಪಿಕ್ಸ್ ಮಕಾವ್ ಜಾತಿಯ 8 ಹಕ್ಕಿಗಳನ್ನು ಕಾಡಿಗೆ ಬಿಟ್ಟರು, ಜೊತೆಗೆ ಕಾಡು ಬಲ್ಲ ಬೇರೆ ಜಾತಿಯ ಮಕಾವ್‌ಗಳನ್ನೂ. ‘ಬಿಟ್ಟರು’ ಅನ್ನುವ ಸುದ್ದಿ ಮೊದಲ ಹೆಜ್ಜೆ ಅಷ್ಟೇ, ಮುಂದಿನ ವರ್ಷಗಳ ಲೇಖನ ಹುಡುಕಿ ಓದಿ.

ಒಳ್ಳೆಯ ಉದ್ದೇಶದ ಕೆಲಸವೂ ಅಡ್ಡ ಹೊಡೆಯುತ್ತದೆ ಅನ್ನೋದಕ್ಕೆ ನ್ಯೂಜಿಲೆಂಡಿನ ಕಾಕಪೋ ಇದೆ. ಮರಿ ಹೆಚ್ಚಲಿ ಅಂತ ಹೆಚ್ಚುವರಿ ಆಹಾರ ಕೊಟ್ಟರು. ದಷ್ಟಪುಷ್ಟ ತಾಯಂದಿರು ಗಂಡು ಮರಿಗಳನ್ನೇ ಜಾಸ್ತಿ ಹೆತ್ತವು! ಬೇಕಿದ್ದದ್ದು ಹೆಣ್ಣು. ತಾಯಿಯ ತೂಕ ನೋಡಿ ಆಹಾರ ಅಳೆದು ಕೊಟ್ಟ ಮೇಲೆ ಲೆಕ್ಕ ಸರಿಹೋಯಿತು. ಕಾಕಪೋ ಬಗ್ಗೆ ಏನೇ ಸಂಖ್ಯೆ ಸಿಕ್ಕರೂ ಪಕ್ಕದಲ್ಲಿ ವರ್ಷ ಬರೆದುಕೊಳ್ಳಿ. 1995ರಲ್ಲಿ ಬದುಕಿದ್ದವು 51, 2022ರ ಮರಿಗಳ ಕಾಲ ಮುಗಿದಾಗ 252. ಹಳೆಯ ಸಂಖ್ಯೆಯನ್ನು ಇವತ್ತಿನದು ಅಂತ ಹಂಚುವವರಿಗೆ ಕೊರತೆಯಿಲ್ಲ.