ಅಗಸೆ ಎಣ್ಣೆ ಕುಡಿದ ಮಳೆಯಂಗಿ

ನಮ್ಮ ಮನೆಯ ಹಿಂಬಾಗಿಲ ಪಕ್ಕದ ಗೂಟದಲ್ಲಿ ಒಂದು ಮಳೆಯಂಗಿ ತೂಗುತ್ತಿರುತ್ತದೆ. ಹಳೆಯ ಬೆಲ್ಲದ ಬಣ್ಣ. ಹತ್ತಿರ ಹೋದರೆ ಹೊಸ ಕ್ರಿಕೆಟ್ ಬ್ಯಾಟಿನ ವಾಸನೆ. ಚಿಕ್ಕಂದಿನಲ್ಲಿ ಬ್ಯಾಟಿಗೆ ಅಗಸೆ ಎಣ್ಣೆ ತಿಕ್ಕಿದವರಿಗೆ ಅದು ಕೂಡಲೇ ಗುರುತು ಸಿಗುತ್ತದೆ. ನಾಲ್ಕೂವರೆ ಮೀಟರ್ ಕೋರಾ ಬಟ್ಟೆಗೆ ಅದೇ ಎಣ್ಣೆ ಕುಡಿಸಿ ನಾನೇ ಮಾಡಿಕೊಂಡ ಅಂಗಿ ಅದು. ಎರಡು ಮಳೆಗಾಲ ಅದನ್ನು ತೊಟ್ಟು ತೋಟದಲ್ಲಿ ಕೆಲಸ ಮಾಡಿದ್ದೇನೆ.

ಮಲೆನಾಡಿನ ಅಡಿಕೆ ತೋಟದಲ್ಲಿ ಮಳೆ ಬಿಡಲಿ ಎಂದು ಕಾದು ಕುಳಿತರೆ ಕೆಲಸ ಸಾಗುವುದಿಲ್ಲ. ಬಸಿಗಾಲುವೆಯಲ್ಲಿ ಕಟ್ಟಿಕೊಂಡ ಕಸ ತೆಗೆಯಬೇಕು, ಬಿದ್ದ ಹಾಳೆ ಹೆಕ್ಕಬೇಕು, ಕೊಳೆರೋಗ ಬಂದಿದೆಯೇ ಎಂದು ಉದುರಿದ ಕಾಯಿಗಳನ್ನು ದಿನವೂ ನೋಡಬೇಕು. ಪ್ಲಾಸ್ಟಿಕ್ ಕೋಟು ತೊಟ್ಟರೆ ಅರ್ಧ ಗಂಟೆಯಲ್ಲಿ ಒಳಗಿನ ಬೆವರಿಗೇ ಮೈ ತೊಯ್ದು ಹೋಗುತ್ತದೆ. ಲಂಟಾನದ ಮುಳ್ಳು ತಾಗಿದರೆ ಚರ್ರನೆ ಹರಿಯುತ್ತದೆ. ಹರಿದ ಚೂರುಗಳು ತೋಟದ ಮಣ್ಣಿನಲ್ಲೇ ಉಳಿಯುತ್ತವೆ. ಅಜ್ಜನ ಕಾಲದ ಕಂಬಳಿ ಕೊಪ್ಪೆ ಬೆಚ್ಚಗೇನೋ ಇಡುತ್ತಿತ್ತು. ಆದರೆ ನೆನೆದ ಮೇಲೆ ಅದನ್ನು ಹೊತ್ತುಕೊಂಡು ಗುದ್ದಲಿ ಎತ್ತುವುದು ಸುಲಭವಲ್ಲ. ಹಾಗಾದರೆ ಪ್ಲಾಸ್ಟಿಕ್ ಬರುವ ಮೊದಲು, ನಮಗಿಂತ ಕೆಟ್ಟ ಮಳೆಗಾಳಿಯಲ್ಲಿ ದುಡಿದವರು ಏನು ತೊಡುತ್ತಿದ್ದರು? ಈ ಪ್ರಶ್ನೆಯೇ ನನ್ನನ್ನು ಆಯಿಲ್‌ಸ್ಕಿನ್‌ಗೆ, ಅಂದರೆ ಎಣ್ಣೆಬಟ್ಟೆಗೆ ಕರೆದುಕೊಂಡು ಹೋಯಿತು.

ಎಣ್ಣೆಬಟ್ಟೆ ಹುಟ್ಟಿದ್ದು ಹಾಯಿಹಡಗುಗಳಲ್ಲಿ. ಹರಿದ ಹಾಯಿಯನ್ನು ನಾವಿಕರು ಎಸೆಯುತ್ತಿರಲಿಲ್ಲ. ಅದನ್ನೇ ಕತ್ತರಿಸಿ ಅಂಗಿ ಹೊಲಿದು, ಮೊದಮೊದಲು ಟಾರು, ಆಮೇಲೆ ಅಗಸೆ ಎಣ್ಣೆ ಬಳಿದು ತೊಡುತ್ತಿದ್ದರು. ನಾವು ಅಂಗಳದ ಅಡಿಕೆಗೆ ಹೊದಿಸುವ ಟಾರ್ಪಾಲಿನ ಹೆಸರಿನಲ್ಲೇ ಆ ಟಾರು ಇನ್ನೂ ಉಳಿದಿದೆ. ಇಂಗ್ಲೆಂಡಿನಲ್ಲಿ ನಾವಿಕರಿಗೇ ‘ಟಾರ್’ ಎಂಬ ಅಡ್ಡಹೆಸರಿತ್ತು. ಮನೆಯಲ್ಲಿ ಮಾಡಿಕೊಳ್ಳುತ್ತಿದ್ದ ಈ ಅಂಗಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಾರ್ಖಾನೆಯ ಸರಕಾಯಿತು. ನಾರ್ವೆಯ ಹೆಲ್ಲಿ ಯೂಲ್ ಹಾನ್ಸೆನ್ ಎಂಬ ಹಡಗಿನ ಕಪ್ತಾನ ಮತ್ತು ಅವನ ಹೆಂಡತಿ ಮಾರೆನ್ ಮಾರ್ಗರೆಥೆ 1877ರಲ್ಲಿ ಮಾಸ್ ಎಂಬ ಊರಿನಲ್ಲಿ ಒರಟು ಲಿನನ್ ಬಟ್ಟೆಯನ್ನು ಅಗಸೆ ಎಣ್ಣೆಯಲ್ಲಿ ನೆನೆಸಿ ಕೋಟು ಮಾಡತೊಡಗಿದರು. ಇದನ್ನು ಓದಿದಾಗ ನಾನು ಒಂದು ಕ್ಷಣ ಪುಸ್ತಕ ಮುಚ್ಚಿ ಕುಳಿತೆ. ಲಿನನ್ ನಾರು ಬರುವುದು ಅಗಸೆಯ ಕಾಂಡದಿಂದ, ಎಣ್ಣೆ ಬರುವುದು ಅದರದೇ ಬೀಜದಿಂದ. ಬಟ್ಟೆಯೂ ಎಣ್ಣೆಯೂ ಒಂದೇ ಜಾತಿಯ ಗಿಡದ ಕೊಡುಗೆ!

ನಮಗೂ ಅಗಸೆ ಹೊಸದಲ್ಲ. ಧಾರವಾಡ, ವಿಜಯಪುರದ ಕಡೆ ಹಿಂಗಾರಿಯಲ್ಲಿ ನೀಲಿ ಹೂ ಬಿಡುವ ಬೆಳೆ ಅದು. ಜೋಳದ ರೊಟ್ಟಿಯ ಜೊತೆ ಅಗಸೆ ಚಟ್ನಿಪುಡಿ ತಿಂದವರು ಯಾರು ಮರೆಯುತ್ತಾರೆ? ಲಿನನ್ ನನ್ನ ಕೈಗೆಟುಕುವ ಬೆಲೆಯದಾಗಿರಲಿಲ್ಲ. ಅದಕ್ಕೇ ದಟ್ಟ ನೇಯ್ಗೆಯ ಹತ್ತಿಯ ಕೋರಾ ತಂದೆ.

ಮೊದಲನೆಯ ಅಂಗಿ ಪೂರ್ತಿ ಹಾಳಾಯಿತು. ಅದರ ಕಥೆಯನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನನಗೆ ಈ ಕೆಲಸ ಅರ್ಥವಾದದ್ದು ಅಲ್ಲೇ. ಮಳೆ ಹಿಡಿದ ಮೇಲೆ ಮಳೆಯಂಗಿಯ ನೆನಪಾಗುವುದು ಸಹಜ. ನಾನು ಶುರು ಮಾಡಿದ್ದು ಜೂನ್ ಎರಡನೆಯ ವಾರದಲ್ಲಿ. ಗಾಣದ ಹಸಿ ಎಣ್ಣೆಯನ್ನು ಧಾರಾಳವಾಗಿ ಸುರಿದು ಬಟ್ಟೆ ತೊಟ್ಟಿಕ್ಕುವಂತೆ ಮಾಡಿ ಕೊಟ್ಟಿಗೆಯ ಮಾಡಿನಡಿ ನೇತುಹಾಕಿದೆ. ಇಪ್ಪತ್ತು ದಿನವಾದರೂ ಒಣಗಲಿಲ್ಲ. ಮೇಲೆ ತೆಳುವಾದ ಕೆನೆ ಕಟ್ಟಿತ್ತು, ಬೆರಳಿಟ್ಟು ಒತ್ತಿದರೆ ಕೆನೆಯ ಕೆಳಗೆ ಎಣ್ಣೆ ಎಣ್ಣೆಯಾಗಿಯೇ ಜಾರುತ್ತಿತ್ತು. ಒಂದು ತೋಳು ಇನ್ನೊಂದಕ್ಕೆ ಅಂಟಿತು. ಜುಲೈ ಹೊತ್ತಿಗೆ ಕಂಕುಳ ಭಾಗದಲ್ಲಿ ಬೂದು ಬಣ್ಣದ ಬೂಸು ಬಂತು.

ತಪ್ಪು ಎಲ್ಲಿತ್ತೆಂದರೆ, ಎಣ್ಣೆ ‘ಒಣಗುವುದು’ ನೀರು ಒಣಗಿದಂತೆ ಎಂದು ನಾನು ತಿಳಿದಿದ್ದೆ. ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಹೋಗುವುದಿಲ್ಲ. ಅದು ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು, ಕಣಕ್ಕೆ ಕಣ ಕೊಂಡಿ ಹಾಕಿಕೊಂಡು ಗಟ್ಟಿ ಪೊರೆಯಾಗುತ್ತದೆ. ಅದರ ಅರ್ಧದಷ್ಟು ಲಿನೋಲೆನಿಕ್ ಆಮ್ಲ. ಆ ಆಮ್ಲದ ಒಂದೊಂದು ಎಳೆಯಲ್ಲೂ ಇಂಥ ಕೊಂಡಿಗೆ ಅನುಕೂಲವಾದ ಮೂರು ಜಾಗಗಳಿವೆ. ತೆಂಗಿನ ಎಣ್ಣೆಯಲ್ಲಿ ಅಂಥ ಜಾಗ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೇ ತಲೆಗೆ ಹಚ್ಚಿದ ಎಣ್ಣೆ ಪೊರೆ ಕಟ್ಟುವುದಿಲ್ಲ. ಇದನ್ನು ಕಣ್ಣಾರೆ ನೋಡಬೇಕೆಂದು ಒಂದು ತುಂಡು ಬಟ್ಟೆಗೆ ಎಣ್ಣೆ ಹಚ್ಚಿ ಅಡುಗೆಮನೆಯ ತಕ್ಕಡಿಯಲ್ಲಿಟ್ಟೆ. ಮೊದಲ ದಿನ 62 ಗ್ರಾಂ. ಹತ್ತು ದಿನದ ನಂತರ 66. ಒಣಗಿದ ಬಟ್ಟೆಯ ತೂಕ ಹೆಚ್ಚಾಗಿತ್ತು. ಆ ನಾಲ್ಕು ಗ್ರಾಂ ಗಾಳಿಯಿಂದ ಬಂದದ್ದು.

ಇಷ್ಟು ತಿಳಿದ ಮೇಲೆ ಉಳಿದದ್ದೆಲ್ಲ ತಾನಾಗಿ ಹೊಳೆಯಿತು. ಎಣ್ಣೆಯ ಪದರ ತೆಳುವಾಗಿರಬೇಕು, ಗಾಳಿ ಎರಡೂ ಮೈಗೆ ತಾಗಬೇಕು, ಬೆಳಕು ಮತ್ತು ಬಿಸುಪು ಬೇಕು. ಮಲೆನಾಡಿನಲ್ಲಿ ಇದಕ್ಕೆ ಮಾರ್ಚ್, ಏಪ್ರಿಲ್ ಬಿಟ್ಟರೆ ಬೇರೆ ಕಾಲವಿಲ್ಲ. ಆದರೆ ಆ ಎರಡು ತಿಂಗಳು ಅಮ್ಮನ ಹಪ್ಪಳ, ಸಂಡಿಗೆಗೆ ಸೇರಿದವು. “ಆ ವಾಸನೆಯ ಬಟ್ಟೆಯನ್ನು ನನ್ನ ಹಪ್ಪಳದ ಚಾಪೆಯ ಹತ್ತಿರ ತರಬೇಡ ಮಗ” ಎಂದು ಅವರು ಕಡ್ಡಿ ಮುರಿದಂತೆ ಹೇಳಿದರು. ಅದು ನ್ಯಾಯವೇ. ಅಡಿಕೆ ಒಣಗಿಸುವ ಚಪ್ಪರದ ತೆಂಕು ಮೂಲೆ ನನಗೆ ಸಿಕ್ಕಿತು.

ಎರಡನೆಯ ಸಲ ಬಟ್ಟೆಯನ್ನು ಸೋಡಾ ಹಾಕಿ ಕುದಿಸಿ ಗಂಜಿ ಪೂರ್ತಿ ತೆಗೆದೆ. ಗಂಜಿ ಉಳಿದರೆ ಎಣ್ಣೆ ನೂಲಿನೊಳಗೆ ಇಳಿಯುವುದಿಲ್ಲ. ಪೇಟೆಯ ದರ್ಜಿಯವರಿಂದ ಮೊದಲು ಅಂಗಿ ಹೊಲಿಸಿ, ಆಮೇಲೆ ಎಣ್ಣೆ ಬಳಿದೆ. ಎಣ್ಣೆ ಬಳಿದ ಬಟ್ಟೆಯನ್ನು ಹೊಲಿದರೆ ಸೂಜಿಯ ಪ್ರತಿಯೊಂದು ತೂತೂ ಸೋರುತ್ತದೆ. ಹೊಲಿದು ಬಳಿದರೆ ತೂತುಗಳು ಎಣ್ಣೆಯಿಂದಲೇ ಮುಚ್ಚಿಹೋಗುತ್ತವೆ. ಅಂಚುಗಳನ್ನು ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿಗೆ, ಹೆಗಲ ಮೇಲೆ ಇನ್ನೊಂದು ಪದರದ ಮೇಲ್ಹೊದಿಕೆ, ಗುಂಡಿಗಳ ಮೇಲೆ ಅಗಲವಾದ ಪಟ್ಟಿ. “ಸ್ವಾಮಿ, ಇಷ್ಟು ಚಂದ ಹೊಲಿಸಿ ಎಣ್ಣೆಯಲ್ಲಿ ಅದ್ದುತ್ತೀರಾ?” ಎಂದು ದರ್ಜಿಯವರಿಗೆ ಸಂಕಟ.

ಎಣ್ಣೆಯ ವಿಷಯದಲ್ಲಿ ಒಂದು ಎಚ್ಚರಿಕೆ. ‘ಬಾಯಿಲ್ಡ್’ ಎಂದು ಮಾರುವ ಅಗಸೆ ಎಣ್ಣೆಗೆ ಬೇಗ ಒಣಗಲೆಂದು ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹಗಳ ಲವಣ ಸೇರಿಸಿರುತ್ತಾರೆ. ಹಿಂದೆ ಸೀಸವನ್ನೂ ಹಾಕುತ್ತಿದ್ದರು. ಅದನ್ನು ಅಡುಗೆಮನೆಯ ಹತ್ತಿರವೂ ಇಡಬಾರದು. ಬಳಸುವ ಮುಂಚೆ ಒಂದು ಹನಿಯನ್ನು ಗಾಜಿನ ಮೇಲೆ ಸವರಿ ಬಿಡಿ. ಕೆಲವು ದಿನದಲ್ಲಿ ಉಗುರಿಗೆ ಸಿಗುವ ಪೊರೆಯಾದರೆ ಎಣ್ಣೆ ಸಾಚಾ. ನಾನು ಒಂದು ಅಂಗಡಿಯಲ್ಲಿ ತಂದ ಡಬ್ಬಿಯ ಎಣ್ಣೆ ಹದಿನೈದು ದಿನವಾದರೂ ಗಾಜಿನ ಮೇಲೆ ಹಾಗೆಯೇ ಇತ್ತು.

ಮೊದಲ ಪದರಕ್ಕೆ ಎಣ್ಣೆಯ ಜೊತೆ ಅರ್ಧದಷ್ಟು ಟರ್ಪೆಂಟೈನ್ ಬೆರೆಸಿ ತೆಳು ಮಾಡಿ ತಿಕ್ಕಿದೆ, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿದೆ. ಏಳು ದಿನ ಬಿಟ್ಟು ಎರಡನೆಯದು, ಒಂಬತ್ತು ದಿನ ಬಿಟ್ಟು ಮೂರನೆಯದು. ತೋಳಿನೊಳಗೆ ಬಿದಿರಿನ ದಬ್ಬೆ ತೂರಿಸಿ ಬೆದರುಬೊಂಬೆಯಂತೆ ನಿಲ್ಲಿಸಿದ್ದರಿಂದ ಬಟ್ಟೆ ಬಟ್ಟೆಗೆ ತಾಗಲಿಲ್ಲ.

ಒರೆಸಿದ ಬಟ್ಟೆಯ ಬಗ್ಗೆ ಹೇಳದಿದ್ದರೆ ತಪ್ಪಾದೀತು. ಎರಡನೆಯ ಸಲ ಬಳಿದ ದಿನ ಒರೆಸಿದ ಚಿಂದಿಗಳನ್ನು ಮುದ್ದೆ ಮಾಡಿ ಬುಟ್ಟಿಗೆ ಹಾಕಿ ಊಟಕ್ಕೆ ಹೋಗಿದ್ದೆ. ಸಂಜೆ ಸುಟ್ಟ ವಾಸನೆ ಬಂತು. ಮುದ್ದೆಯೊಳಗೆ ಕೈ ಹಾಕಿದರೆ ಇಟ್ಟುಕೊಳ್ಳಲಾಗದಷ್ಟು ಬಿಸಿ. ನಡುವಿನ ಬಟ್ಟೆ ಕಂದಿತ್ತು. ಹತ್ತಿರ ಬೆಂಕಿಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ. ಆಮ್ಲಜನಕ ಹೀರುವಾಗ ಎಣ್ಣೆಗೆ ಕಾವು ಹುಟ್ಟುತ್ತದೆ. ಹರಡಿದ ಬಟ್ಟೆಯಲ್ಲಿ ಅದು ಗಾಳಿಗೆ ಹೋಗುತ್ತದೆ, ಮುದ್ದೆಯಲ್ಲಿ ಕೂಡುತ್ತ ಹೋಗಿ ಕೊನೆಗೆ ಹೊತ್ತಿಕೊಳ್ಳುತ್ತದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1991ರ ಫೆಬ್ರವರಿಯಲ್ಲಿ 38 ಅಂತಸ್ತಿನ ಕಟ್ಟಡವೊಂದು ಇಂಥ ಅಗಸೆ ಎಣ್ಣೆಯ ಚಿಂದಿಗಳಿಂದಲೇ ಹೊತ್ತಿ ಉರಿದು ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಚಿಂದಿಗಳನ್ನು ನೀರಿನಲ್ಲಿ ಮುಳುಗಿಸಿಡಿ, ಇಲ್ಲವೇ ಒಂದೊಂದಾಗಿ ತಂತಿಯ ಮೇಲೆ ಹರಡಿ. ಪೂರ್ತಿ ಒಣಗದ ಅಂಗಿಯನ್ನೂ ಮಡಚಿ ಪೆಟ್ಟಿಗೆಯಲ್ಲಿಡಬೇಡಿ.

ಮಳೆ ಬಂತು. ಮೊದಲ ದಿನ ಹೆಗಲ ಮೇಲೆ ಬಿದ್ದ ಹನಿಗಳು ಕೆಸುವಿನ ಎಲೆಯ ಮೇಲಿನಂತೆ ಉರುಳಿ ಹೋದವು. ಮೂರು ಗಂಟೆ ಕಾಲುವೆಯಲ್ಲಿ ನಿಂತು ಕೆಲಸ ಮಾಡಿ ಬಂದು ಬಿಚ್ಚಿದರೆ ಒಳಗಿನ ಅಂಗಿ ಒಣಗಿಯೇ ಇತ್ತು, ಬೆನ್ನಿನ ನಡುವೆ ಮಾತ್ರ ಸ್ವಲ್ಪ ಬೆವರು. ಮುಳ್ಳು ತಾಗಿದ ಕಡೆ ಗೀರು ಬಿತ್ತೇ ಹೊರತು ಹರಿಯಲಿಲ್ಲ. ನೀರು ಬಂದದ್ದು ಕುತ್ತಿಗೆಯಿಂದ. ಉತ್ತರದ ಮೀನುಗಾರರು ಎಣ್ಣೆಬಟ್ಟೆಯ ಟೊಪ್ಪಿಯ ಅಂಚನ್ನು ಮುಂದಕ್ಕಿಂತ ಹಿಂದೆ ಉದ್ದವಾಗಿ ಇಳಿಬಿಟ್ಟಿದ್ದು ಇದಕ್ಕೇ. ಬಗ್ಗಿ ಬಲೆ ಎಳೆಯುವವನ ಕುತ್ತಿಗೆಯ ನೀರು ಕೋಟಿನ ಹೊರಗೆ ಬೀಳಬೇಕು. ನಮ್ಮ ನಾಟಿಯ ಹೆಂಗಸರು ಮಳೆಗೆ ಹೊದೆಯುವ ಬಿದಿರು, ಎಲೆಗಳ ಗೊರಬು ತಲೆಯಿಂದ ಸೊಂಟದವರೆಗೆ ಬೆನ್ನನ್ನೇ ಮುಚ್ಚುವುದೂ ಇದೇ ಲೆಕ್ಕದಲ್ಲಿ. ಆಮೇಲೆ ಅಂಥದೇ ಟೊಪ್ಪಿ ಹೊಲಿಸಿದೆ.

ಕುಂದುಗಳೂ ಬಯಲಾದವು. ಸೆಪ್ಟೆಂಬರ್‌ನಲ್ಲಿ ಬಿಸಿಲು ಬಿದ್ದಾಗ ಅಂಗಿ ಮತ್ತೆ ಅಂಟಂಟಾಯಿತು. ಮೊಣಕೈ ಮಡಿಕೆಯಲ್ಲಿ ಪೊರೆ ಬಿರುಕು ಬಿಟ್ಟಿತು. ಈ ಅಂಟು, ಈ ಬಿರುಕು ನನ್ನೊಬ್ಬನ ತೊಂದರೆಯಾಗಿರಲಿಲ್ಲ. ಮಳೆಯಂಗಿಯ ಚರಿತ್ರೆಯ ಬಹುಪಾಲು ಇವುಗಳ ವಿರುದ್ಧದ ಹೋರಾಟವೇ. ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ 1823ರಲ್ಲಿ ಎರಡು ಬಟ್ಟೆಗಳ ನಡುವೆ ರಬ್ಬರ್ ಸೇರಿಸುವುದಕ್ಕೆ ಪೇಟೆಂಟ್ ಪಡೆದ. ಆ ಕೋಟೂ ಚಳಿಗೆ ಸೆಟೆದು ಸೆಕೆಗೆ ಅಂಟುತ್ತಿತ್ತು. 1840ರ ದಶಕದಲ್ಲಿ ಗಂಧಕ ಬೆರೆಸಿ ರಬ್ಬರ್ ಹದ ಮಾಡುವ ವಿದ್ಯೆ ಬಂದ ಮೇಲೆಯೇ ಅದು ಸುಧಾರಿಸಿದ್ದು. ನ್ಯೂಜಿಲೆಂಡಿನ ಎಡ್ವರ್ಡ್ ಲೆ ರಾಯ್ 1898ರಲ್ಲಿ ಹಳೆಯ ಹಾಯಿಬಟ್ಟೆಗೆ ಅಗಸೆ ಎಣ್ಣೆಯ ಜೊತೆ ಮೇಣ ಸೇರಿಸಿ ಬಳಿದ. 1930ರ ದಶಕದಲ್ಲಿ ಬ್ರಿಟನ್ನಿನ ಬಟ್ಟೆ ತಯಾರಕರು ಅಗಸೆ ಎಣ್ಣೆಯನ್ನೇ ಬಿಟ್ಟು, ಹತ್ತಿಗೆ ತಾಮ್ರದ ದ್ರಾವಣದ ಸಂಸ್ಕಾರ ಕೊಟ್ಟು ಪ್ಯಾರಾಫಿನ್ ಮೇಣ ಹಾಕಿದರು. ಕಡುಹಸಿರಿನ ಆ ಬಟ್ಟೆ ಹಳದಿಯಾಗುತ್ತಿರಲಿಲ್ಲ, ಬಿರುಕೂ ಬಿಡುತ್ತಿರಲಿಲ್ಲ. ಕೊಳೆರೋಗಕ್ಕೆ ಮೈಲುತುತ್ತ ಹೊಡೆಯುವ ನಮಗೆ ಬೂಸು ತಡೆಯುವ ತಾಮ್ರದ ಗುಣ ಬೇರೆ ಹೇಳಬೇಕಾಗಿಲ್ಲ. 1949ರಲ್ಲಿ ಹೆಲ್ಲಿ ಹಾನ್ಸೆನ್ ಕಂಪನಿಯೇ ಪಿವಿಸಿ ಪ್ಲಾಸ್ಟಿಕ್ ಕೋಟಿಗೆ ಇಳಿಯಿತು. ಆದರೂ ಬ್ರಿಟನ್ನಿನ ಮೀನುಗಾರರು ಪ್ಲಾಸ್ಟಿಕ್ ಕೋಟನ್ನೂ ‘ಆಯಿಲ್‌ಸ್ಕಿನ್’ ಎಂದೇ ಕರೆಯುತ್ತಾರೆ, ನಾವು ಪ್ಲಾಸ್ಟಿಕ್ ಹಾಳೆಯನ್ನು ಕೊಪ್ಪೆ ಎಂದಂತೆ.

ನಾನು ಲೆ ರಾಯ್‌ನ ದಾರಿ ಹಿಡಿದೆ. ಮನೆಯ ತುಡುವೆ ಜೇನಿನ ಪೆಟ್ಟಿಗೆಗಳಿಂದ ತೆಗೆದ ಮೇಣ 100 ಗ್ರಾಂ, ಎಣ್ಣೆ ಒಂದು ಲೀಟರ್. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಅದರಲ್ಲಿ ಕರಗಿಸಿದೆ. ನೇರ ಬೆಂಕಿಗೆ ಇಡಲೇಬಾರದು. ಅದನ್ನು ಬೆಚ್ಚಗಿರುವಾಗಲೇ ಮೊಣಕೈ, ಹೆಗಲು, ಹೊಲಿಗೆಗಳ ಮೇಲೆ ಅಂಗೈಯಿಂದ ತಿಕ್ಕಿದೆ. ಎರಡನೆಯ ಮಳೆಗಾಲದಲ್ಲಿ ಮೊಣಕೈ ಬಿರುಕು ಬಿಡಲಿಲ್ಲ. ಬಿಸಿಲಿನ ಅಂಟು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ತೂಕ ಎರಡು ಕಿಲೋ ದಾಟಿದೆ, ಇಳಿಜಾರು ಹತ್ತುವಾಗ ಅದು ತಿಳಿಯುತ್ತದೆ.

ಈ ಮಾರ್ಚ್‌ನಲ್ಲಿ ಚಪ್ಪರದ ಅದೇ ಮೂಲೆಯಲ್ಲಿ ಎರಡು ಅಂಗಿ ನಿಂತಿದ್ದವು. ಎರಡನೆಯದು ನಮ್ಮಲ್ಲಿ ಮದ್ದು ಹೊಡೆಯಲು ಬರುವವರಿಗೆ. ಮರ ಹತ್ತುವಾಗ ಮೊಣಕಾಲಿಗೆ ತೊಡರಬಾರದೆಂದು ಅವರೇ ನಿಂತು ಅಳತೆ ಕೊಟ್ಟು, ಸೊಂಟದಿಂದ ಒಂದು ಗೇಣು ಕೆಳಗೆ ಕತ್ತರಿಸಿದ್ದಾರೆ.