ಹಾಳೆ ಬಿಟ್ಟೆ, ವಾಯ್ಸ್ ಮೆಸೇಜ್ ಹಿಡಿದೆ: ದಾವಣಗೆರೆಯಲ್ಲಿ ಹತ್ತು ವರ್ಷದ ಥೆರಪಿ

ಥಾಟ್ ರೆಕಾರ್ಡ್, ಅಂದರೆ ಮನಸ್ಸು ಕೆಟ್ಟ ಹೊತ್ತಿನ ಯೋಚನೆ, ಭಾವನೆಗಳನ್ನು ಬರೆದುಕೊಳ್ಳುವ ಹಾಳೆ, ಅದನ್ನು ಮನೆಯಿಂದ ಸರಿಯಾಗಿ ತುಂಬಿಸಿಕೊಂಡು ಬರುವ ಕ್ಲೈಂಟ್ ನಿಮಗೆ ಎಷ್ಟು ಜನ ಸಿಕ್ಕಿದ್ದಾರೆ? ನನಗೆ ಹತ್ತರಲ್ಲಿ ಒಬ್ಬರೋ ಇಬ್ಬರೋ. ಅವರೂ ಹೆಚ್ಚಾಗಿ ಮೇಷ್ಟ್ರುಗಳೇ. ಮಿಕ್ಕವರು ಮನೆಯಲ್ಲೇ ಮರೆತೆ ಅನ್ನುತ್ತಿದ್ದರು. ಇಲ್ಲಾ, ಹೊರಗೆ ಬೆಂಚಿನ ಮೇಲೆ ಕೂತು ಅವಸರದಲ್ಲಿ ಗೀಚಿ ತರುತ್ತಿದ್ದರು. ಐದು ಕಾಲಂ, ಐದರಲ್ಲೂ 'ಟೆನ್ಷನ್'.

2015ರ ಸುಮಾರಿಗೆ ರೂಮು ಹಿಡಿದಾಗ ಬಾಡಿಗೆ 6,000, ಫೀ 300. ಅಂದರೆ ತಿಂಗಳ ಮೊದಲ ಇಪ್ಪತ್ತು ಸೆಷನ್ ಮಾಲೀಕರಿಗೆ. ಬೆಳಿಗ್ಗೆ ಒಂದು ಶಾಲೆಯಲ್ಲಿ ಕೌನ್ಸೆಲರ್ ಕೆಲಸ ಮಾಡಿ, ಆ ಸಂಬಳದಿಂದ ಕ್ಲಿನಿಕ್ ಸಾಕಿದೆ. ಜನ ಬರುತ್ತಿರಲಿಲ್ಲ ಅಂತಲ್ಲ, ಎರಡನೇ ಸಲಕ್ಕೆ ನಿಂತುಬಿಡುತ್ತಿದ್ದರು. "ಮಾತ್ರೆ ಇಲ್ವಾ ಮೇಡಂ? ಬರೀ ಮಾತಿಗೆ ಮುನ್ನೂರಾ?" ನಾಲ್ಕು ಸೆಷನ್‌ಗೆ ಮುಂಗಡ ತಗೊಂಡು ನೋಡಿದೆ. ಎರಡು ಮುಗಿಸಿ, ಉಳಿದ ದುಡ್ಡು ವಾಪಸ್ ಕೇಳಿದರು. ಕೊಟ್ಟೆ.

ಕುಂದವಾಡ ಕೆರೆ ಏರಿಯ ಮೇಲೆ ನಡೆಯುತ್ತಾ ಸೆಷನ್ ಮಾಡುವ ಪ್ರಯೋಗವೂ ಆಯಿತು. ಗಾಳಿ ಚೆನ್ನಾಗಿತ್ತು. ಆದರೆ ನಮ್ಮೂರಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತಲ್ವಾ? ಕ್ಲೈಂಟ್ ಕಣ್ಣೊರೆಸಿಕೊಳ್ಳುವಾಗಲೇ ಅವರ ಸೋದರಮಾವ ಎದುರಿಗೆ ಬಂದು "ಏನಮ್ಮಾ, ವಾಕಿಂಗಾ?" ಅಂದರು. ಅಲ್ಲಿಗೆ ಅದು ಮುಗಿಯಿತು.

ವಾಯ್ಸ್ ಮೆಸೇಜ್ ಶುರು ಮಾಡಿದ್ದು ಲಾಕ್‌ಡೌನಿಗೂ ಮುಂಚೆ. ಹೋಮ್‌ವರ್ಕ್ ಬರೀಬೇಡಿ, ಆ ಹೊತ್ತಲ್ಲೇ ಒಂದು ನಿಮಿಷ ಮಾತಾಡಿ ಕಳಿಸಿ ಅಂದೆ. "ವಾಟ್ಸಾಪಲ್ಲಿ ಥೆರಪಿ ಮಾಡ್ತೀಯಾ?" ಅಂತ ಹಿರಿಯರೊಬ್ಬರು ನಕ್ಕರು. 2020ರಲ್ಲಿ ಎಲ್ಲರೂ ಫೋನಿಗೇ ಬಂದರು, ಆ ಮಾತು ಬೇರೆ.

ಒಬ್ಬರ ವಿಷಯ ಹೇಳುತ್ತೇನೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ, ಕಸುಬು, ದಾರಿ ಬದಲಿಸಿದ್ದೇನೆ. ಮಂಡಕ್ಕಿ ಭಟ್ಟಿಯವರು. ಬಸ್ಸಿನಲ್ಲಿ ಪ್ಯಾನಿಕ್, ಹರಿಹರ ಮುಟ್ಟುವ ಮೊದಲೇ ಇಳಿದುಬಿಡುತ್ತಿದ್ದರು. ಗಾಬರಿ ನೂರಕ್ಕೆ ಎಷ್ಟು ಅಂತ ಕೇಳಿದರೆ ಪ್ರತಿ ಸಲ "ನೂರು". ಹಳೇ ರೂಪಾಯಿಯ ಹದಿನಾರಾಣೆ ಲೆಕ್ಕದಲ್ಲಿ ಕೇಳಿದೆ, ತಕ್ಷಣ ಅಳತೆ ಸಿಕ್ಕಿತು. ಅವರ ಒಂದು ಮೆಸೇಜ್ ಹೀಗಿತ್ತು: ಹಿಂದೆ ಕಂಡಕ್ಟರ್ "ರೈಟ್ ರೈಟ್", ಇವರು ಏದುಸಿರಲ್ಲಿ "ಹದಿನಾಲ್ಕಾಣೆ ಮೇಡಂ, ಎದೆ ಡವಡವ ಅಂತಿದೆ, ಇಳೀತೀನಿ ಅನ್ಸುತ್ತೆ". ಸ್ವಲ್ಪ ಹೊತ್ತಿಗೆ ಇನ್ನೊಂದು, "ಹತ್ತಾಣೆ". ಆಮೇಲೆ "ಹರಿಹರ ಬಂತು, ಟೀ ಕುಡೀತಿದೀನಿ". ಗಾಬರಿ ಏರಿದ್ದೂ ತಾನಾಗೇ ಇಳಿದದ್ದೂ ಅವರ ದನಿಯಲ್ಲೇ ಇದೆ. ಮುಂದಿನ ಸೆಷನ್ನಿನಲ್ಲಿ ಅದನ್ನೇ ಅವರಿಗೆ ಕೇಳಿಸಿದೆ. ನಾನು ಬೇರೆ ಏನೂ ವಿವರಿಸಬೇಕಾಗಲಿಲ್ಲ.

ಇಲ್ಲೊಂದು ಹುಷಾರು. ಫೋನೇ ಸೇಫ್ಟಿ ಬಿಹೇವಿಯರ್, ಅಂದರೆ ಭಯ ಎದುರಿಸದೆ ಹಿಡಿದುಕೊಳ್ಳುವ ಊರುಗೋಲು, ಆಗಿಬಿಡುತ್ತದೆ. ಮೇಡಂ ಕಿವಿಯಲ್ಲಿದ್ದಾರೆ ಅನ್ನೋ ಧೈರ್ಯದಲ್ಲೇ ಬಸ್ ಹತ್ತುತ್ತಾರೆ. ಅದಕ್ಕೇ ಮೂರ್ನಾಲ್ಕು ವಾರದ ಮೇಲೆ ಬಸ್ಸಿನೊಳಗೆ ರೆಕಾರ್ಡಿಂಗ್ ಬಂದ್, ಇಳಿದ ಮೇಲಷ್ಟೇ. ಓಸಿಡಿ, ಅಂದರೆ ಒಂದೇ ಅನುಮಾನ ಮತ್ತೆ ಮತ್ತೆ ಕಾಡುವ ಗೀಳು ಕಾಯಿಲೆ, ಅದು ಇರುವವರಿಗಂತೂ ಈ ದಾರಿ ಬೇಡವೇ ಬೇಡ. ದಿನಕ್ಕೆ ಇಪ್ಪತ್ತು ಸಲ "ಕೈ ತೊಳೆದದ್ದು ಸಾಕಲ್ವಾ ಮೇಡಂ?" ಅಂತ ಬರುತ್ತದೆ. ಉತ್ತರ ಕೊಟ್ಟಿರೋ, ಕಾಯಿಲೆಗೆ ನೀವೇ ಊಟ ಹಾಕಿದ ಹಾಗೆ.

ಡಿಪ್ರೆಶನ್ನಿನಲ್ಲಿ ಬಿಹೇವಿಯರಲ್ ಆಕ್ಟಿವೇಶನ್ (ಮನಸ್ಸಿಲ್ಲದಿದ್ದರೂ ಸಣ್ಣ ಸಣ್ಣ ಕೆಲಸ ಮತ್ತೆ ಶುರು ಮಾಡಿಸುವ ವಿಧಾನ) ಜೊತೆ ಇದು ಚೆನ್ನಾಗಿ ಹೊಂದುತ್ತದೆ. "ಎದ್ದು ರಂಗೋಲಿ ಹಾಕಿದೆ" ಅನ್ನೋ ಹತ್ತು ಸೆಕೆಂಡಿನ ಮೆಸೇಜ್ ಸಾಕು. ಡಿಪ್ರೆಶನ್ ಅಳೆಯುವ 27 ಅಂಕದ ಪ್ರಶ್ನಾವಳಿ ಪಿಎಚ್‌ಕ್ಯೂ-9ರಲ್ಲಿ 18ರ ಆಸುಪಾಸು ಇದ್ದವರು ಎರಡು-ಮೂರು ತಿಂಗಳಲ್ಲಿ 7-8ಕ್ಕೆ ಇಳಿದದ್ದು ಕಂಡಿದ್ದೇನೆ. ಎಲ್ಲರೂ ಅಲ್ಲ.

ಫೋನ್ ಮನೆಯವರ ಕೈಗೂ ಹೋಗುತ್ತದೆ. ಹಾಗಾಗಿ 24 ಗಂಟೆಗೆ ಅಳಿಸಿಹೋಗುವ ಸೆಟ್ಟಿಂಗ್ ಮೊದಲ ದಿನವೇ ಹಾಕಿಸುತ್ತೇನೆ. ಸೆಷನ್ನಿಗೆ ಬೇಕಾದ ಒಂದೆರಡನ್ನು ಅವರನ್ನು ಕೇಳಿ ಇಟ್ಟುಕೊಂಡು ಆಮೇಲೆ ಅಳಿಸುತ್ತೇನೆ. ರಾತ್ರಿ ನಾನು ಕೇಳೋದಿಲ್ಲ, ಸಾಯುವ ಯೋಚನೆ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ ಅಂತ ಬರೆದು ಸಹಿ ಹಾಕಿಸಿಕೊಳ್ಳುತ್ತೇನೆ. ಮೊದಲ ಮೆಸೇಜ್ ಕಳಿಸಲು ನಾಚಿಕೊಳ್ಳುವವರ ಬಾಯಿ ಬಿಡಿಸುವ ಪ್ರಶ್ನೆ ಒಂದಿದೆ. ಅದು ನನ್ನ ಹತ್ತಿರವೇ ಇರಲಿ.

ಬದಲಾಗಿದ್ದು ಕ್ಲೈಂಟ್ ಮಾತ್ರ ಅಲ್ಲ. ನನ್ನ ಉತ್ತರಗಳನ್ನು ನಾನೇ ಕೇಳಿದಾಗ ಅದು ಹರಿಕಥೆ. ಮೂರು ನಿಮಿಷ ಉಪದೇಶ. ಸೂಪರ್‌ವಿಶನ್‌ಗೆ, ಅಂದರೆ ನನ್ನ ಕೆಲಸವನ್ನು ಹಿರಿಯ ಥೆರಪಿಸ್ಟ್ ಹತ್ತಿರ ತಿದ್ದಿಸಿಕೊಳ್ಳೋದಕ್ಕೆ, ತಿಂಗಳಿಗೆ 1,500 ಕೊಟ್ಟರೂ ಕೇಳಿಸದೇ ಇದ್ದದ್ದು ಅದರಲ್ಲಿ ಕೇಳಿಸಿತು. ಈಗ ಇಪ್ಪತ್ತು ಸೆಕೆಂಡ್ ದಾಟಿದರೆ ಅಳಿಸಿ ಮತ್ತೆ ಹೇಳುತ್ತೇನೆ. ರೂಮಿನಲ್ಲೂ ಸುಮ್ನೆ ಕೂರೋದು ಅಭ್ಯಾಸವಾಯಿತು.

ಮೊದಲು ಹತ್ತರಲ್ಲಿ ಮೂರ್ನಾಲ್ಕು ಜನ ಮೂರನೇ ಸೆಷನ್ನಿಗೆ ಬರುತ್ತಿದ್ದರು, ಈಗ ಏಳರ ಹತ್ತಿರ. ಫೀ 700 ಆಗಿದೆ, ಮೆಸೇಜಿಗೆ ವಾರಕ್ಕೆ 100 ಬೇರೆ. ಬೇರೆ ತಗೊಳ್ಳದಿದ್ದರೆ ನೀವು ಪುಕ್ಕಟೆ ದುಡಿಯುತ್ತೀರಿ. ದಿನಕ್ಕೆ ಮುಕ್ಕಾಲು ಗಂಟೆ ಕೇಳೋದಕ್ಕೇ ಹೋಗುತ್ತದೆ. ಶಾಲೆ ಕೆಲಸ ಬಿಟ್ಟು ನಾಲ್ಕು ವರ್ಷ ಆಗುತ್ತಾ ಬಂತು.