ಅಡ್ವಾನ್ಸ್ ಎಫ್‌ಡಿಯಲ್ಲಿಟ್ಟೆ, ಜಗಳ ನಿಂತಿತು

ಹೋದ ತಿಂಗಳು ಮೇಲಿನ ಮನೆಯವರು ಖಾಲಿ ಮಾಡಿದರು. ಬೆಳಿಗ್ಗೆ ಬೀಗದ ಕೈ ಕೊಟ್ಟರು, ಸಂಜೆಯೊಳಗೆ ಅಡ್ವಾನ್ಸ್ ಅವರ ಅಕೌಂಟಿಗೆ ಹೋಯಿತು. ಒಂದು ಮಾತೂ ಜೋರಾಗಲಿಲ್ಲ. "ಹೀಗೆಲ್ಲಾ ಮಾಡಿದರೆ ಮುಳುಗ್ತೀಯ" ಅಂದಿದ್ದ ನಮ್ಮ ಭಾವನವರೇ ಈಗ ಅಗ್ರಿಮೆಂಟಿನ ಜೆರಾಕ್ಸ್ ಕೇಳಿ ತಗೊಂಡು ಹೋಗಿದ್ದಾರೆ.

ವಿಜಯನಗರದಲ್ಲಿ ನನ್ನದು ಎರಡು ಬಾಡಿಗೆ ಮನೆ. ಮೊದಲು ನಾನೂ ಬೆಂಗಳೂರಿನ ಪದ್ಧತಿಯಂತೆ ಹತ್ತು ತಿಂಗಳ ಅಡ್ವಾನ್ಸ್ ತಗೊಳ್ಳುತ್ತಿದ್ದೆ. 2017ರಲ್ಲಿ ಬಂದ ಒಂದೂವರೆ ಲಕ್ಷವನ್ನು ಬೋರ್‌ವೆಲ್‌ಗೆ ಸುರಿದೆ. ಎಂಟೇ ತಿಂಗಳಿಗೆ ಆ ಬಾಡಿಗೆಯವರು ಹೊರಟು ನಿಂತಾಗ ಕೈಯಲ್ಲಿ ಕಾಸಿಲ್ಲ. ಎರಡು ರೂಪಾಯಿ ಬಡ್ಡಿಗೆ ಸಾಲ ತಂದು ಕೊಟ್ಟೆ. ಬಡ್ಡಿಗೇ ಹನ್ನೆರಡು ಸಾವಿರ ಹೋಯಿತು.

ಇಂಗ್ಲೆಂಡಿನಲ್ಲಿರುವ ತಂಗಿಯಿಂದ ಅಲ್ಲಿನ ಪದ್ಧತಿ ಗೊತ್ತಾಯಿತು. ಸಾಮಾನ್ಯ ಮನೆಗೆ ಐದು ವಾರದ ಬಾಡಿಗೆಗಿಂತ ಜಾಸ್ತಿ ಡೆಪಾಸಿಟ್ ಕೇಳುವಂತಿಲ್ಲ. ಅದನ್ನೂ 30 ದಿನದೊಳಗೆ ಸರ್ಕಾರ ಒಪ್ಪಿದ, ಡೆಪಾಸಿಟ್ ಕಾಯುವ ಸ್ಕೀಮಿಗೆ ಸೇರಿಸಬೇಕು. ತಪ್ಪಿದರೆ ಕೋರ್ಟು ಡೆಪಾಸಿಟ್ಟಿನ ಮೂರು ಪಟ್ಟಿನವರೆಗೂ ದಂಡ ಕಟ್ಟಿಸಬಹುದು. ನಮ್ಮಲ್ಲಿ ಅಂಥ ಸ್ಕೀಮಿಲ್ಲ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಎರಡು ತಿಂಗಳು ಸಾಕು ಅನ್ನುತ್ತದೆ, ಆದರೆ ಅದನ್ನು ರಾಜ್ಯಗಳೇ ಜಾರಿಗೆ ತರಬೇಕು.

ಎರಡು ತಿಂಗಳದ್ದನ್ನೂ ಮಾಡಿ ನೋಡಿದೆ. ಬಂದವರು ಕೊನೆಯ ಎರಡು ತಿಂಗಳು "ಅಡ್ವಾನ್ಸಲ್ಲಿ ಹಿಡ್ಕೊಳ್ಳಿ" ಅಂದುಬಿಟ್ಟರು. ಕರೆಂಟ್ ಬಿಲ್ಲು, ಒಡೆದ ವಾಶ್‌ಬೇಸಿನ್ ನನ್ನ ತಲೆಗೆ. ಒಂಬತ್ತು ಸಾವಿರ ಚಿಲ್ಲರೆ. ಆಮೇಲೆ ಜಂಟಿ ಎಫ್‌ಡಿ ಮಾಡಿಸಿದೆ. ಬಾಡಿಗೆಯವರಿಗೆ ಪುಣೆಗೆ ಟ್ರಾನ್ಸ್‌ಫರ್ ಆಯಿತು. ಅವರ ಸಹಿ ಇಲ್ಲದೆ ಬ್ಯಾಂಕಿನವರು ದುಡ್ಡು ಬಿಡಲಿಲ್ಲ. ಒಂದೂವರೆ ತಿಂಗಳು ಇಬ್ಬರೂ ಒದ್ದಾಡಿದೆವು.

ಈಗ ಮಾಡುತ್ತಿರುವುದು ಇದು. ಬಾಡಿಗೆ 20,000, ಅಡ್ವಾನ್ಸ್ ಐದು ತಿಂಗಳು. ಆ ಒಂದು ಲಕ್ಷವನ್ನು ನನ್ನ ಹೆಸರಲ್ಲೇ 25 ಸಾವಿರದ ನಾಲ್ಕು ಎಫ್‌ಡಿ ಮಾಡುತ್ತೇನೆ. ನಂಬರುಗಳು ಅಗ್ರಿಮೆಂಟಿನಲ್ಲಿರುತ್ತವೆ. ನಡುವೆ ಏನಾದರೂ ಬಂದರೆ ಒಂದನ್ನಷ್ಟೇ ಮುರಿಸಿದರಾಯಿತು, ಉಳಿದ ಮೂರರ ಬಡ್ಡಿಗೆ ಪೆಟ್ಟು ಬೀಳುವುದಿಲ್ಲ. ವರ್ಷಕ್ಕೆ ಆರೂವರೆ ಸಾವಿರದಷ್ಟು ಬಡ್ಡಿ ಬರುತ್ತದೆ, ಅದನ್ನು ಅವರ ಬಾಡಿಗೆಯಲ್ಲಿ ಕಳೆಯುತ್ತೇನೆ. ಇದನ್ನು ಕೇಳಿದ ಓನರುಗಳೆಲ್ಲಾ ನನಗೆ ತಲೆ ಕೆಟ್ಟಿದೆ ಅಂದಿದ್ದರು. ಆದರೆ ಅವತ್ತಿನಿಂದ ನನಗೆ ಬಾಡಿಗೆ ಒಂದು ದಿನವೂ ತಡವಾಗಿಲ್ಲ.

ಮನೆಗೆ ಬರುವ ದಿನ ಇಬ್ಬರೂ ಸೇರಿ ವಿಡಿಯೋ ಮಾಡುತ್ತೇವೆ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದೆಯಾ, ಬಚ್ಚಲ ಬಾಗಿಲ ಬುಡ ನೀರು ಕುಡಿದು ಊದಿದೆಯಾ, ಹಾಲಿನ ಗೋಡೆಗೆ ಎಷ್ಟು ಮೊಳೆ, ಎಲ್ಲಾ ಅದರಲ್ಲಿರುತ್ತದೆ. ಮೇಲಿನವರು ಬಂದಾಗ ಹನ್ನೊಂದು ಮೊಳೆ ಇದ್ದವು, ಹೋಗುವಾಗ ಹದಿನಾಲ್ಕು. ಮೂರು ಮೊಳೆಗೆ ನಾನು ದುಡ್ಡು ಹಿಡಿಯಲಿಲ್ಲ.

ಪೇಂಟಿಂಗ್‌ಗೆ ಅಂತ ಸುಮ್ನೆ ಒಂದು ತಿಂಗಳ ಬಾಡಿಗೆ ಹಿಡಿಯೋದನ್ನೂ ಬಿಟ್ಟಿದ್ದೇನೆ. ಎಷ್ಟು ವರ್ಷ ಇದ್ದರೋ ಅದಕ್ಕೆ ತಕ್ಕ ರೇಟು ಮೊದಲೇ ಬರೆದಿರುತ್ತದೆ. ಆ ರೇಟು ಕಟ್ಟುವ ಲೆಕ್ಕ ಮಾತ್ರ ನನ್ನ ಹತ್ತಿರವೇ ಇರಲಿ. ಈ ಸಲ ಪೇಂಟಿಂಗು, ಬೆಸ್ಕಾಂ ಕೊನೆಯ ಬಿಲ್ಲು ಸೇರಿ ಏಳೂವರೆ ಸಾವಿರದ ಹತ್ತಿರ ಹಿಡಿದೆ. ಉಳಿದದ್ದು ವಾಪಸ್.

ಮುಂದಿನ ವಾರವೇ ಅವರ ಆಫೀಸಿನವರೊಬ್ಬರು ಮನೆ ನೋಡಲು ಬಂದರು. ಟು-ಲೆಟ್ ಬೋರ್ಡ್ ಕಟ್ಟಲೇ ಇಲ್ಲ.